ಹಲಗೆಯಾಚೆಯ ಉತ್ತರಗಳು

ಟಕ್, ಟಕ್, ಟಕ್. ಸ್ವಲ್ಪ ತಡೆದು, ಇನ್ನೊಂದು ಟಕ್.

“ನಾಲ್ಕು,” ಎಂದರು ಗಣಿತದ ಮೇಷ್ಟ್ರು.

ನರ್ಸ್ ತಟ್ಟನೆ ತಲೆಯೆತ್ತಿದಳು. ರಾತ್ರಿ ಹತ್ತು ಗಂಟೆ. ಇದು ಎಷ್ಟನೇ ತಿಂಗಳು ಎಂದು ಅವಳು ಕೇಳಿದ್ದಳು, ಉತ್ತರವೇನೋ ಸರಿ. ಆದರೆ ಆ ಸದ್ದು?

ನಿವೃತ್ತ ಮೇಷ್ಟ್ರು ಆ ಬೆಳಿಗ್ಗೆ ಪುಸ್ತಕದ ಕಪಾಟಿಗೆ ಏಣಿ ಹಾಕಿ, ಪುಸ್ತಕಕ್ಕಿಂತ ಮೊದಲು ತಾವೇ ನೆಲ ಸೇರಿದ್ದರು. ತಲೆಯೊಳಗೆ ಚಿಕ್ಕದೊಂದು ರಕ್ತದ ಕಲೆ. ಅದು ಹಿಗ್ಗುತ್ತಿದೆಯೇ ಎಂದು ತಿಳಿಯಲು ಗಂಟೆಗೊಮ್ಮೆ ಎಬ್ಬಿಸಿ, ಕಣ್ಣಿಗೆ ಟಾರ್ಚ್ ಬಿಟ್ಟು, ಕೈ ಹಿಸುಕಿಸಿ, ಪ್ರಶ್ನೆ ಕೇಳಬೇಕಿತ್ತು. ಮೂವತ್ತೈದು ವರ್ಷ ಊರಿನ ಮಕ್ಕಳಿಗೆಲ್ಲ ಪರೀಕ್ಷೆ ಇಟ್ಟವರಿಗೆ ಈಗ ಗಂಟೆಗೊಂದು ಪರೀಕ್ಷೆ!

ತಲೆನೋವಿನಿಂದ ಅವರು ಸಂಜೆಯಿಂದ ನರಳುತ್ತಿದ್ದರು. ಡಾಕ್ಟರ ಆದೇಶ ಸ್ಪಷ್ಟವಾಗಿತ್ತು: ಪೂರ್ಣ ಎಚ್ಚರವಿದ್ದು, ಸರಿಯುತ್ತರ ಕೊಟ್ಟರೆ ಎರಡು ಮಿಲಿಗ್ರಾಂ ನೋವಿನ ಇಂಜೆಕ್ಷನ್, ತಡವರಿಸಿದರೆ ಒಂದು ಹನಿಯೂ ಕೂಡದು. ಆ ಮದ್ದು ಮಂಪರು ತರಿಸುತ್ತದೆ. ಮಂಪರಿನ ಮರೆಯಲ್ಲಿ ಮಿದುಳು ಸೋಲುತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ.

“ಹತ್ತು ಗಂಟೆಗೆ ಪಾಸಾದ್ರೆ ಇಂಜೆಕ್ಷನ್ ಸಾರ್, ಫೇಲಾದ್ರೆ ಡಾಕ್ಟ್ರು!” ಎಂದು ಒಂಬತ್ತಕ್ಕೆ ಅವಳೇ ವಾರ್ಡಿಗೆಲ್ಲ ಕೇಳಿಸುವಂತೆ ತಮಾಷೆ ಮಾಡಿದ್ದಳು.

“ಮಕ್ಕಳೆಷ್ಟು ಸಾರ್?” ಎಂದು ಈಗ ಮುಂದಿನ ಪ್ರಶ್ನೆ ಕೇಳಿದಳು.

ಟಕ್, ಟಕ್.

“ಎರಡು.”

ಪೂರ್ತಿ ಅಂಕ. ಟ್ರೇಯಲ್ಲಿ ಸಿರಿಂಜು ಸಿದ್ಧವಾಗಿತ್ತು; ಜೊತೆಯ ನರ್ಸ್ ಅಳತೆ ನೋಡಿ ಸಹಿಯನ್ನೂ ಹಾಕಿದ್ದಳು. ನರ್ಸಿನ ಕೈ ಸಿರಿಂಜಿನತ್ತ ಹೋಯಿತು, ಅಲ್ಲೇ ನಿಂತಿತು. ಸಂಜೆಯಿಂದ ಅವೇ ಪ್ರಶ್ನೆಗಳು, ಅವೇ ಉತ್ತರಗಳು. ಕೇಳಿಸಿಕೊಂಡವರಿಗೆಲ್ಲ ಬಾಯಿಪಾಠ.

ಅವಳು ಸದ್ದಿಲ್ಲದೆ ಮೂರು ಬೆರಳು ಎತ್ತಿದಳು. “ಎಷ್ಟು ಬೆರಳು ಸಾರ್?”

ಮೇಷ್ಟ್ರು ಬೆರಳು ನೋಡಲಿಲ್ಲ. ಹಾಸಿಗೆಗಳ ನಡುವಿನ ಮರದ ಹಲಗೆಯತ್ತ ಕಿವಿಯೊಡ್ಡಿ ಕಾದರು. ಹಲಗೆಯಾಚೆಗೂ ಪೇಚಾಟ. ಕೊನೆಗೆ, ಅರೆಮನಸ್ಸಿನ ಒಂದೇ ಟಕ್.

“ಒಂದು,” ಎಂದರು ಗಣಿತದ ಮೇಷ್ಟ್ರು.

ನರ್ಸ್ ಟ್ರೇಯನ್ನು ದೂರ ಸರಿಸಿ ಟಾರ್ಚ್ ಬಿಟ್ಟಳು. ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿತ್ತು. ಅವಳು ಫೋನಿಗೆ ಓಡಿದಳು. ಡಾಕ್ಟರು ಬಂದರು, ಸ್ಕ್ಯಾನ್ ಆಯಿತು: ಕಲೆ ದುಪ್ಪಟ್ಟಾಗಿತ್ತು. ಹನ್ನೆರಡರೊಳಗೆ ಮೇಷ್ಟ್ರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದರು.

ಉಳಿದದ್ದು ಒಂದೇ ಪ್ರಶ್ನೆ. ಬಡಿದವರು ಯಾರು?

ಹಲಗೆಯಾಚೆ ಇದ್ದದ್ದು ಎರಡೇ ಜೀವ. ಒಂದು, ಬೆನ್ನುಮೂಳೆಗೆ ಪೆಟ್ಟಾಗಿ ಅಂಗಾತ ಮಲಗಿದ್ದ ಬಸ್ ಡ್ರೈವರ್. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಇನ್ನೊಂದು, ಈಚೆ ಜಾಗವಿಲ್ಲದೆ ಅಲ್ಲಿನ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರ ಹೆಂಡತಿ.

“ಅಮ್ಮಾ, ಉತ್ತರ ಹೇಳ್ಕೊಟ್ಟಿದ್ದು ನೀವಾ?”

“ನಾನಾ? ಅವರಿಗೆ ಉತ್ತರ ಹೇಳ್ಕೊಡೋ ಭಾಗ್ಯ ನನಗೆ ಮದುವೆಯಾದಾಗಿಂದ ಸಿಕ್ಕಿಲ್ಲ ಕಣಮ್ಮ! ಕಣ್ಣಿಗೆ ಒಂಚೂರು ನಿದ್ದೆ ಹತ್ತಿತ್ತು, ನೋಡಿದ್ರೆ ಹೇಳ್ತಿರ್ಲಿಲ್ವಾ? ಕಾಪಿ ಅಂದ್ರೆ ಅವರು ಉರಿದುಬೀಳೋರು. ಹುಡುಗರಿಗೆಲ್ಲ ಅಡ್ಡಹೆಸರು ಬೇರೆ. ‘ಸೊನ್ನೆ’ ಅಂತ ಒಬ್ಬನಿದ್ದ, ಪಾಪ. ಮೂರು ಸಲ ಫೇಲು. ಆದ್ರೂ ನಮ್ಮನೆ ಬಾವಿ ನೀರು ಅವನೇ ಸೇದಿ ಕೊಡ್ತಿದ್ದ.”

“ಯಾರೋ ಪುಣ್ಯಾತ್ಮರು, ಸಾರ್ ನರಳೋದು ನೋಡಲಾರದೆ ಪಾಸು ಮಾಡಿಸೋಕೆ ಹೊರಟಿದ್ದಾರೆ,” ಎಂದಳು ನರ್ಸ್. “ನಾನು ಆ ಸೂಜಿ ಚುಚ್ಚಿದ್ದಿದ್ರೆ ಸಾರ್ ಏಳ್ತಾನೇ ಇರ್ಲಿಲ್ಲ.”

ಪಕ್ಕದ ಗೊರಕೆ ಒಂದು ಕ್ಷಣ ತಾಳ ತಪ್ಪಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ಗಾದೆ ಗೊರಕೆಗೂ ಅನ್ವಯಿಸುತ್ತದೆಂದು ಅವಳಿಗೆ ಆಗ ಹೊಳೆಯಲಿಲ್ಲ.

ನಾಲ್ಕನೆಯ ದಿನ, ಬ್ಯಾಂಡೇಜಿನ ಪೇಟ ಸುತ್ತಿಕೊಂಡ ಮೇಷ್ಟ್ರು ಅದೇ ಹಾಸಿಗೆಗೆ ಮರಳಿದರು. ಯಾರೂ ಕೇಳದೆಯೇ ಹತ್ತೊಂಬತ್ತರ ಮಗ್ಗಿ ಒಪ್ಪಿಸಿದರು. ನಡೆದದ್ದನ್ನೆಲ್ಲ ಕೇಳಿ ಮುಖ ಕೆಂಪಾಯಿತು.

“ಕಾಪಿ? ನಾನು? ಹೇಗೆ ಬಡಿದ್ರು, ತೋರಿಸಮ್ಮ.”

ನರ್ಸ್ ಟ್ರೇಯ ಮೇಲೆ ತಟ್ಟಿದಳು. ಟಕ್, ಟಕ್, ಟಕ್. ಸ್ವಲ್ಪ ತಡೆದು, ಟಕ್.

“ಮೂರಾದ ಮೇಲೆ ತಡೆದನಾ?”

“ಹೌದು ಸಾರ್.”

ಮೇಷ್ಟ್ರ ಮುಖದ ಕೆಂಪು ಮೆಲ್ಲನೆ ನಗೆಯಾಯಿತು. “ಮೂರರ ಮುಂದೆ ಏನು ಬರುತ್ತೆ ಅಂತ ಯೋಚನೆ ಮಾಡೋನು ನನ್ನ ಸರ್ವೀಸಿನಲ್ಲೇ ಒಬ್ಬನಿದ್ದ.”

ಹಲಗೆಯಾಚೆಯ ಗೊರಕೆ ಗಕ್ಕನೆ ನಿಂತಿತು.

ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು, ತರಗತಿಯ ಹಾಜರಿ ಕೂಗುವ ದನಿಯಲ್ಲಿ ಕರೆದರು:

“ಡ್ರೈವರ್ ಸಾಹೇಬ್ರೇ, ಗೊರಕೆ ಸಾಕು, ಹಾಜರಿ ಹೇಳೋ, ಸೊನ್ನೆ!”