ಎಲೆಯ ಹಿಂದಿನ ಗಂಟು

ಹೆಣೆದ ಕೊನೆಯ ಸಾಲನ್ನೂ ಬಿಚ್ಚಿ ನೂಲನ್ನು ಉಂಡೆಗೆ ಸುತ್ತುತ್ತಾ ಅವಳು ಹಲ್ಲು ಕಚ್ಚಿದಳು. ಎಲೆ ಈ ಸಲವೂ ಎದ್ದು ನಿಂತಿರಲಿಲ್ಲ. ಎದುರಿಗೆ ಹೊಲಿಗೆ ಮೇಜಿನ ಮೇಲೆ ತಮ್ಮನ ಚಿಕ್ಕಂದಿನ ಕಡುನೀಲಿ ಸ್ವೆಟರ್ ಅಂಗಾತ ಮಲಗಿತ್ತು. ಅದರ ಎದೆಯ ತುಂಬ ಹೆಣಿಗೆಯ ಎಲೆಗಳು, ಒಂದೊಂದೂ ಈಗಷ್ಟೇ ಉಸಿರು ತುಂಬಿಕೊಂಡ ಹಾಗೆ ಉಬ್ಬಿದ್ದವು. ಅವಳ ಕಡ್ಡಿಯಿಂದ ಇಳಿದ ಎಲೆಗಳೋ, ಇಸ್ತ್ರಿ ಹೊಡೆಸಿಕೊಂಡು ಬಂದಂತೆ ಚಪ್ಪಟೆ. ಕುಣಿಕೆಯ ಲೆಕ್ಕ ಸರಿಯಿತ್ತು, ಕಡ್ಡಿಯ ದಪ್ಪವೂ ಸರಿಯಿತ್ತು. ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಟೈಲರಿಗೆ ಗೇಣುದ್ದದ ಸ್ವೆಟರೊಂದು ಸಡ್ಡು ಹೊಡೆದು ಕೂತಿತ್ತು.

ಅದನ್ನು ತಂದುಕೊಟ್ಟವನು ತಮ್ಮ. ಅವನ ಸೊಸೆಗೆ ದಿನ ತುಂಬುತ್ತಾ ಬಂದಿತ್ತು. "ಅಕ್ಕಾ, ಅಂಗಡೀದು ಬೇಡ. ನಮ್ಮನೆ ಡಿಸೈನೇ ಬೇಕು. ಅಜ್ಜಿ, ಅಮ್ಮ, ಈಗ ನೀನು. ಇದನ್ನ ನೋಡ್ಕೊಂಡು ಹಾಕ್ಬಿಡು. ಹುಷಾರು ಮತ್ತೆ, ನಮ್ಮವಳು ಇದನ್ನ ಕವರಲ್ಲಿಟ್ಟು ಕಾಪಾಡಿದಾಳೆ" ಎಂದಿದ್ದ. ಅವನ ಬಾಲ್ಯದ ವಸ್ತು ಒಂದೂ ಕಳೆದಿರಲಿಲ್ಲ, ಅವಳದು ಒಂದೂ ಉಳಿದಿರಲಿಲ್ಲ. ಆದರೂ ನಮ್ಮನೆ ಡಿಸೈನು ಎಂದಾಗ ಅವಳೂ ಹಿಗ್ಗಿದ್ದಳು, ಸುಳ್ಳೇಕೆ?

ಕೊನೆಗೆ ಬೇಸತ್ತು ಸ್ವೆಟರನ್ನು ಒಳಮೈ ಮೇಲಾಗಿ ತಿರುಗಿಸಿದಳು. ಪ್ರತಿ ಎಲೆಯ ಬೆನ್ನಿಗೂ ಒಂದು ಗಂಟು. ಎಲೆ ಉಬ್ಬಿದ್ದು ಕುಣಿಕೆಯ ಕೈಚಳಕದಿಂದಲ್ಲ, ಹಿಂದಿನಿಂದ ಅದನ್ನು ನೂಕುತ್ತಿದ್ದ ಆ ಗಂಟಿನಿಂದ. ಆದರೆ ಹೊಸ ನೂಲಿನಲ್ಲಿ ಹೆಣೆದದ್ದಾದರೆ ಇಷ್ಟೊಂದು ಗಂಟು ಯಾಕೆ? ಸೂಜಿಯ ಮೊನೆಯಿಂದ ಒಂದನ್ನು ಮೆಲ್ಲಗೆ ಸಡಿಲಿಸಿದಳು. ಗಂಟಿನ ಒಡಲಿಗೆ ನೀಲಿ ಬಣ್ಣ ಇಳಿದೇ ಇರಲಿಲ್ಲ. ಅಲ್ಲಿ ಹಳದಿಯಿತ್ತು.

ಆ ಹಳದಿಯನ್ನು ಅವಳು ಮರೆಯುವುದುಂಟೆ? ಶಾಲೆಯಲ್ಲಿ ಗೆಳತಿಯರು ಸವರಿ ಸವರಿ ನೋಡಿದ್ದ ಅವಳ ಸ್ವೆಟರು. ಮರುವರ್ಷದ ಚಳಿಗೆ ಪೆಟ್ಟಿಗೆ ತೆರೆದರೆ ಅದು ಇರಲಿಲ್ಲ. ನುಸಿ ತಿಂದುಬಿಡ್ತು ಕಣೇ ಎಂದಿದ್ದಳು ಅಮ್ಮ. ನಂಬಿದ ಹುಡುಗಿ ಆಮೇಲೆ ಎಷ್ಟೋ ಕಾಲ ನುಸಿ ಕಂಡಲ್ಲಿ ಹೊಸಕಿ ಹಾಕುತ್ತಿದ್ದಳು.

ಅಮ್ಮ ಕಿಟಕಿಯ ಪಕ್ಕ ಕೂತು ಅಂಗಿಯ ಗುಂಡಿಗಳನ್ನು ಬಣ್ಣಕ್ಕೊಂದು ಗುಡ್ಡೆ ಮಾಡುತ್ತಿದ್ದಳು.

"ಅಮ್ಮಾ, ನನ್ನ ಹಳದಿ ಸ್ವೆಟರನ್ನ ನಿಜವಾಗ್ಲೂ ನುಸಿ ತಿಂದಿತ್ತಾ?"

"ಯಾವ ಕಾಲದ ಮಾತೇ ಅದು!"

"ತಿಂದಿತ್ತಾ, ಇಲ್ವಾ?"

ಅಮ್ಮ ಒಳಮೈ ತೋರಿಸಿಕೊಂಡು ಬಿದ್ದಿದ್ದ ಸ್ವೆಟರನ್ನು ನೋಡಿದಳು. "ಬಿಚ್ಚಿದೆ, ಬಣ್ಣ ಹಾಕಿ ಇವನಿಗೆ ಹೆಣೆದೆ. ಬೀದಿಗೇನೂ ಎಸೀಲಿಲ್ಲವಲ್ಲ, ಒಡಹುಟ್ಟಿದವನ ಮೈಮೇಲೇ ಇತ್ತಲ್ಲ."

"ಮತ್ತೆ ಸುಳ್ಳು ಯಾಕೆ ಹೇಳ್ದೆ?"

"ನಿಜ ಹೇಳಿದ್ರೆ ನೀನು ಮನೇನ ತಲೆ ಮೇಲೆ ಹೊತ್ಕೊಳ್ತಿದ್ದೆ. ನುಸಿ ಜೊತೆ ಯಾರು ಜಗಳಕ್ಕೆ ಹೋಗ್ತಾರೆ ಹೇಳು?" ಅಮ್ಮ ತನ್ನ ಜಾಣತನಕ್ಕೆ ತಾನೇ ನಕ್ಕಳು. "ನನಗೆ ಆ ಸುಳ್ಳೂ ಸಿಗಲಿಲ್ಲ. ನಂದನ್ನ ನಮ್ಮಮ್ಮ ಕಣ್ಣೆದುರಿಗೇ ಬಿಚ್ಚಿ ನಿನ್ನ ಸೋದರಮಾವನಿಗೆ ಹಾಕಿದ್ಳು. ಉಂಡೆ ಸುತ್ತೋಕೆ ನನ್ನನ್ನೇ ಕೂರಿಸಿದ್ಳು. ಹಳೇ ನೂಲು, ತುಂಡು ತುಂಡಾಗಿ ಬರುತ್ತೆ. ಗಂಟು ಕಾಣಬಾರದಲ್ಲ, ಅದಕ್ಕೇ ಗಂಟು ಬಂದ ಕಡೆಯೆಲ್ಲ ಒಂದೊಂದು ಎಲೆ. ಏನ್ ಚೆನ್ನಾಗಿ ಮುಚ್ಚಿಹೋಗ್ತಿತ್ತು ಅಂತೀಯ!"

ಅವಳ ಮೈಯೆಲ್ಲ ಉರಿದುಹೋಯಿತು. ನಮ್ಮನೆ ಡಿಸೈನಂತೆ! ಹೆಣ್ಣುಮಕ್ಕಳ ಮೈಯಿಂದ ಕಿತ್ತದ್ದನ್ನು ಗಂಡುಮಕ್ಕಳ ಎದೆಯ ಮೇಲೆ ಚೆಂದಗಾಣಿಸುವ ಉಪಾಯ, ಅದಕ್ಕೆ ಕವರು ಬೇರೆ. ಅಮ್ಮನ ಮೇಲೆ ಹರಿಹಾಯೋಣವೆಂದರೆ ತನ್ನದೇ ಸ್ವೆಟರಿನ ಉಂಡೆ ಸುತ್ತುತ್ತಾ ಕೂತ ಪುಟ್ಟ ಹುಡುಗಿಯಾಗಿ ಅಮ್ಮನೇ ಅಡ್ಡ ಬಂದಳು. ಸಿಟ್ಟಿಗೆ ಕಾಲೂರಲು ಜಾಗ ಸಿಗದೆ ಅದು ಇನ್ನಷ್ಟು ಏರಿತು.

ಅಷ್ಟರಲ್ಲಿ ತಮ್ಮನ ಫೋನು. "ಎಲ್ಲಿಗೆ ಬಂತಕ್ಕಾ? ಮೊಮ್ಮಗ ಬಂದುಬಿಟ್ಟಾನು, ನಿನ್ನ ಸ್ವೆಟರ್ ಬರಲ್ಲ!"

"ಮೊಮ್ಮಗಳಾದ್ರೆ?"

"ಆದ್ರೇನಂತೆ, ಹಾಕ್ಕೊಳ್ಳಲಿ. ಬಿಗಿಯಾದ್ಮೇಲೆ ಬಿಚ್ಚಿ ಮುಂದಿನವನಿಗೆ ಹಾಕಿದ್ರಾಯ್ತು. ಒಳ್ಳೇ ಉಣ್ಣೆ, ದಂಡ ಆಗಬಾರ್ದು ನೋಡು."

ನಗುನಗುತ್ತಲೇ ಅಂದ. ಅವನಿಗೆ ಗಂಟಿನ ಕತೆ ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟಿರಲೂ ಇಲ್ಲ. ಹೇಳಿಕೊಡದೆಯೂ ಆ ಮಾತು ಅವನ ಬಾಯಿಗೆ ಅಷ್ಟು ಸಲೀಸಾಗಿ ಬಂದದ್ದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಹಾಕ್ತೀನಿ, ಇಡು" ಎಂದಳು.

ಹೊಸ ನೂಲಿನ ಉಂಡೆಯನ್ನು ಮಡಿಲಿಗೆ ಎಳೆದುಕೊಂಡು ಕಡ್ಡಿಗೆ ಕುಣಿಕೆ ಏರಿಸತೊಡಗಿದಳು. ಎಲೆ ಬೇಡ. ಇದರಲ್ಲಿ ಮುಚ್ಚುವಂಥದ್ದು ಏನೂ ಇರಲಿಲ್ಲ. ಹೆಣೆದಾದ ಮೇಲೆ ಕುದಿನೀರಿಗೆ ಹಾಕಿ ಸೋಪು ಹಚ್ಚಿ ತಿಕ್ಕಿದರೆ ಉಣ್ಣೆ ಕುಗ್ಗಿ, ಎಳೆಗೆ ಎಳೆ ಕಚ್ಚಿಕೊಂಡು ಕಂಬಳಿಯ ಹಾಗೆ ಒಂದೇ ಮೈಯಾಗುತ್ತದೆ. ಆಮೇಲೆ ಅದನ್ನು ಕತ್ತರಿಸಬಹುದೇ ಹೊರತು, ಬಿಚ್ಚಲು ಯಾರಪ್ಪನಿಂದಲೂ ಆಗದು. ಹಾಗೆ ಮಾತ್ರ ಮಾಡಬೇಡಿ ಎಂದು ಇಷ್ಟು ವರ್ಷ ಗಿರಾಕಿಗಳಿಗೆ ಬುದ್ಧಿ ಹೇಳಿದವಳು, ಎಷ್ಟು ಕುಗ್ಗೀತೆಂದು ಮನಸ್ಸಿನಲ್ಲೇ ಅಂದಾಜು ಹಾಕಿ ಅಗಲಕ್ಕೆ ಇನ್ನಷ್ಟು ಕುಣಿಕೆ ಸೇರಿಸಿದಳು.

ಅಮ್ಮ ಗುಂಡಿ ಬಿಟ್ಟು ಇತ್ತ ಇಣುಕಿದಳು. "ಇಷ್ಟಗಲವೇನೇ? ಹುಟ್ಟೋದು ಮಗು ಕಣೇ, ಆನೆಮರಿ ಅಲ್ಲ."

"ಇರಲಿ ಬಿಡಮ್ಮ" ಎಂದಷ್ಟೇ ಹೇಳಿ ಅವಳು ಮೊದಲ ಸಾಲು ಹಿಡಿದಳು.