ಎಂಟು ಮಿಲಿಮೀಟರ್

ತಂಗಿಯ ಗಂಡನ ಮೇಲೆ ಅವಳಿಗೆ ಅನುಮಾನ ಹುಟ್ಟಿದ್ದು ಕಾರಿನ ಹಿಂಭಾಗ ತಗ್ಗಿಸಿದ ಮಾರನೆಯ ದಿನ.

ಅವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಹತ್ತು ಮಾತು ಕೇಳಿದರೆ ಅರ್ಧ ಮಾತಾಡುವ ಆಸಾಮಿ. ಆರು ವರ್ಷ ಹೆದ್ದಾರಿಯಾಚೆಯ ದೊಡ್ಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದು, ಹೋದ ವರ್ಷ ಅದನ್ನು ಬಿಟ್ಟು ಅವಳ ಶೆಡ್ಡಿಗೆ ಬಂದಿದ್ದ. ಆ ಗ್ಯಾರೇಜಿನ ಯಜಮಾನನ ಕೆಂಪು ಕಾರೇ ಡ್ರ್ಯಾಗ್ ರೇಸಿನಲ್ಲಿ ಇವಳ ಎದುರಾಳಿ. ಎರಡು ಕಾರು ಅಕ್ಕಪಕ್ಕ ನಿಂತು, ದೀಪ ಹಸಿರಾದೊಡನೆ ಕಾಲು ಮೈಲಿ ನೇರವಾಗಿ ನುಗ್ಗುವ ಓಟ ಅದು. “ನಿನ್ನ ತಂಗಿ ಗಂಡ ತಾನಾಗಿ ಬಂದ್ನೋ, ಅವ್ರೇ ಕಳಿಸಿದ್ರೋ” ಎಂದು ಶೆಡ್ಡಿನ ಮುದುಕ ವೆಲ್ಡರ್ ಮಾವ ಒಮ್ಮೆ ತಮಾಷೆ ಮಾಡಿದ್ದ. ಅವಳು ನಕ್ಕಿದ್ದಳು.

ಅವಳ ಕಾರು ಹಳೆಯದು. ಹಿಂದಿನ ಚಕ್ರಗಳ ಭಾರ ಹೊರುತ್ತಿದ್ದುದು ಲಾರಿಗಳಲ್ಲಿರುವಂತೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಹೊಸ ಪಟ್ಟಿ ಹಾಕಿಸಿದ ಮೇಲೆ ಕಾರು ನಾಯಿ ಕಂಡ ಬೆಕ್ಕಿನಂತೆ ಹಿಂಭಾಗ ಎತ್ತಿಕೊಂಡು ನಿಂತಿತ್ತು. ಮೌನಿ ಎರಡು ದಿನ ಕಾರಿನಡಿಯಲ್ಲೇ ಮಲಗಿ, ಪಟ್ಟಿಗಳಿಗೂ ಅವುಗಳ ಮೇಲೆ ಕೂತ ಆಕ್ಸಲ್ ದಂಡಕ್ಕೂ ನಡುವೆ ಕಬ್ಬಿಣದ ಬ್ಲಾಕುಗಳನ್ನು ಕೂರಿಸಿ, ಯು ಬೋಲ್ಟು ಬಿಗಿದು, ಅದನ್ನು ತಗ್ಗಿಸಿದ್ದ. ನೋಡಲು ಚೆನ್ನಾಗಿತ್ತು. ಆದರೂ ಅವಳು ಟೇಪು ಹಿಡಿದು ಚಕ್ರದ ಮೇಲಿನ ಕಮಾನಿನಿಂದ ನೆಲದವರೆಗೆ ಅಳೆದಳು. ಒಂದು ಕಡೆ ಆರುನೂರ ಹನ್ನೆರಡು ಮಿಲಿಮೀಟರ್. ಅವಳು ಕೂರುವ ಕಡೆ ಆರುನೂರ ಇಪ್ಪತ್ತು. ಮೂರು ಸಲ ಅಳೆದರೂ ಅಷ್ಟೇ.

“ಎರಡೂ ಕಡೆ ಸಮ ಇದೆಯಾ?”

“ಸರಿ ಇದೆ ಅತ್ತಿಗೆ.”

“ಸಮ ಇದೆಯಾ ಅಂತ ಕೇಳಿದ್ದು.”

“ಎಷ್ಟಿರಬೇಕೋ ಅಷ್ಟಿದೆ” ಎಂದ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಹೆಸರು ನೋಡಿ, ಶೆಡ್ಡಿನಾಚೆಯ ನೀರಿನ ಡ್ರಮ್ಮಿನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿದ. ಅವಳಿಗೆ ಕೇಳಿಸಿದ್ದು ಕೊನೆಯ ತುಣುಕು ಮಾತ್ರ: “ಇಲ್ಲ ಯಜಮಾನ್ರೇ, ಅತ್ತಿಗೆಗೆ ಹೇಳಿಲ್ಲ. ಹೇಳೋದೂ ಇಲ್ಲ.”

ಯಜಮಾನ ಎಂದು ಅವನು ಕರೆಯುತ್ತಿದ್ದುದು ಒಬ್ಬನನ್ನೇ.

ಸಂಜೆ ತಂಗಿಯ ಮನೆಗೆ ಹೋದಳು. ತಂಗಿ ಒಗೆದ ಬಟ್ಟೆ ಮಡಚುತ್ತಿದ್ದಳು.

“ನಿನ್ ಗಂಡ ಮನೇಲಿ ಕಾರಿನ ವಿಷ್ಯ ಏನಾದ್ರೂ ಮಾತಾಡ್ತಾರೇನೇ?”

“ಅವ್ರು ಸಾರಿಗೆ ಉಪ್ಪು ಕಮ್ಮಿ ಆಗಿದೆ ಅಂತ್ಲೂ ಹೇಳಲ್ಲ. ಮೊನ್ನೆ ಮಾತ್ರ, ನಿಮ್ಮಕ್ಕನ ತೂಕ ಎಷ್ಟು ಅಂತ ಕೇಳಿದ್ರು.”

“ನನ್ನ ತೂಕ ಯಾಕಂತೆ?”

“ಸುಮ್ನೆ ಅಂದ್ರು. ನೀನು ಹೇಳ್ಕೊಳ್ಳೋದಕ್ಕಿಂತ ನಾಲ್ಕು ಕಿಲೋ ಜಾಸ್ತಿನೇ ಹೇಳಿದೀನಿ.”

ತಂಗಿ ನಕ್ಕಳು. ಅಕ್ಕನಿಗೆ ಮೈ ಉರಿಯಿತು. ಯಜಮಾನನೂ ಇವನೂ ಸೇರಿ ತನ್ನನ್ನು ಆಡಿಕೊಂಡು ನಗುತ್ತಿದ್ದಾರೆ ಎನ್ನಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಎಂಟು ಮಿಲಿಮೀಟರ್ ಓರೆ ಮಾಡಿಟ್ಟರೆ ಸಾಕು, ಕಾರು ನೆಟ್ಟಗೆ ಓಡದೆ ತಾನು ಸೋಲಬೇಕು, ಯಾರಿಗೂ ಗೊತ್ತಾಗಬಾರದು, ಇದೇ ಅವರ ಲೆಕ್ಕ. ಅಂದು ಮನೆಗೆ ಹೋಗುವಷ್ಟರಲ್ಲಿ ಅವಳ ಮಟ್ಟಿಗೆ ತೀರ್ಪು ಆಗಿಹೋಗಿತ್ತು.

ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿಕೊಂಡಳು. ಅಪ್ಪನ ಲಾರಿ ಶೆಡ್ಡಿನಲ್ಲಿ ಬೆಳೆದವಳಿಗೆ ಜಾಕು, ಪಾನಾ ಹೊಸತಲ್ಲ. ವೆಲ್ಡರ್ ಮಾವನ ಗುಜರಿ ಡಬ್ಬಿಯಲ್ಲಿ ಎಂಟು ಮಿಲಿಮೀಟರ್ ದಪ್ಪದ ತಗಡಿನ ತುಂಡು ಸಿಕ್ಕಿತು. ನಡುವೆ ತೂತು ಕೊರೆದು, ತಾನು ಕೂರುವ ಕಡೆಯೂ ಅಷ್ಟೇ ತಗ್ಗಲೆಂದು ಅಲ್ಲಿನ ಬ್ಲಾಕಿನ ಮೇಲೆ ಅದನ್ನಿಟ್ಟು ಬೋಲ್ಟು ಬಿಗಿದಳು. ಅಳೆದಳು. ಎರಡೂ ಕಡೆ ಆರುನೂರ ಹನ್ನೆರಡು. ಆ ವಾರದಲ್ಲಿ ಮೊದಲ ಸಲ ಅವಳಿಗೆ ಹೊಟ್ಟೆ ಹಸಿಯಿತು.

ಭಾನುವಾರ ಬೆಳಗಿನ ಮೊದಲ ಓಟವೇ ಕೆಂಪು ಕಾರಿನ ಜೊತೆ. ದೀಪ ಹಸಿರಾಯಿತು. ಆಕ್ಸಿಲರೇಟರ್ ಮೇಲೆ ಕಾಲು ಒತ್ತಿದ ಕ್ಷಣದಲ್ಲೇ ಹಿಂದೆ ಏನೋ ‘ಠಕ್’ ಎಂದಿತು. ಕಾರು ದಾರಿಯ ಪಕ್ಕದ ಗೋಡೆಯ ಕಡೆ ಎಳೆಯಿತು. ಸ್ಟಿಯರಿಂಗ್ ತಿರುಗಿಸಿದರೂ ಮಾತು ಕೇಳಲಿಲ್ಲ. ಕಾಲು ತೆಗೆದಳು. ಕಾರು ಗೋಡೆಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಅವಳ ಮನಸ್ಸು ಮೌನಿಯ ಮೇಲೇ ಹೋಯಿತು: ಇನ್ನೂ ಏನೋ ಮಾಡಿಟ್ಟಿದ್ದಾನೆ.

ಕಾರನ್ನು ಎಳೆದು ತಂದರು. ಮೌನಿ ಅದರಡಿ ನುಸುಳಿದವನು ತಗಡಿನ ತುಂಡು ಹಿಡಿದುಕೊಂಡು ಎದ್ದ. ಮುಖ ಬಿಳುಚಿತ್ತು.

“ಇದನ್ನ ನಾನು ಹಾಕಿಲ್ಲ. ಇದ್ರಿಂದ ಬ್ಲಾಕಿನ ಎತ್ತರ ಜಾಸ್ತಿಯಾಗಿ, ಅದರ ಮೊಳೆ ಆಕ್ಸಲ್ಲಿನ ತೂತಲ್ಲಿ ಕೂತೇ ಇಲ್ಲ. ಆಕ್ಸಲ್ಲು ಜಾರಿದೆ.” ಅವನು ಅಷ್ಟು ಉದ್ದ ಮಾತಾಡಿದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಆಮೇಲೆ ವೆಲ್ಡರ್ ಮಾವನ ಕಡೆ ತಿರುಗಿದ. “ಇದು ನಿಮ್ಮ ಡಬ್ಬಿ ತಗಡು. ನಿನ್ನೆ ಬೀಗದ ಕೈನೂ ನಿಮ್ಮ ಹತ್ರಾನೇ ಇತ್ತು.”

“ನಾನ್ಯಾಕಪ್ಪ ಹಾಕ್ಲಿ?” ಎಂದ ಮುದುಕ. “ಇವಳು ನನ್ನ ತೊಡೆ ಮೇಲೆ ಆಡಿದ ಮಗು ಕಣೋ.”

ಮೌನಿ ತಗಡನ್ನು ಕೆಳಗಿಡಲಿಲ್ಲ. ಸುತ್ತ ನಿಂತವರೂ ಮುದುಕನನ್ನೇ ನೋಡಿದರು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಹೆಸರು ಹೊರಗೆ ಬರುತ್ತಿರಲಿಲ್ಲ. ಮಾವ ಟೋಪಿ ತೆಗೆದು, ಮತ್ತೆ ಹಾಕಿಕೊಂಡ. ಅದನ್ನು ನೋಡಲಾಗಲಿಲ್ಲ ಅವಳಿಗೆ.

“ನಾನೇ ಹಾಕಿದ್ದು” ಎಂದಳು.

ಮೌನಿ ತಗಡನ್ನು ಕೆಳಗಿಟ್ಟ. ಬೈಯಲಿಲ್ಲ. ತಗಡು ಇಲ್ಲದೆ ಮತ್ತೆ ಎಲ್ಲ ಬಿಗಿದು, “ಹೆಲ್ಮೆಟ್ ಹಾಕ್ಕೊಂಡು ಒಳಗೆ ಕೂತ್ಕೊಳ್ಳಿ” ಎಂದ. ಅವಳು ಕೂತಳು. ಟೇಪಿನ ತುದಿಯನ್ನು ಮಾವನ ಕೈಗೆ ಕೊಟ್ಟು ಎರಡೂ ಕಡೆ ಅಳೆಸಿದ. ಮಾವ ಅಂಕಿ ಓದಿದ. ಎರಡೂ ಒಂದೇ.

“ಖಾಲಿ ಕಾರು ಓಡಲ್ಲವಲ್ಲ ಅತ್ತಿಗೆ. ನೀವು ಕೂತಾಗ ಸಮ ಆಗ್ಬೇಕು.”

“ಮತ್ತೆ ಆ ಫೋನು?”

“ಚಕ್ರದಡಿ ಇಡೋ ತೂಕದ ಯಂತ್ರ ಅವ್ರ ಹತ್ರ ಮಾತ್ರ ಇದೆ. ಕೇಳಿ ತಂದಿದ್ದೆ. ಅವ್ರದ್ದು ಅಂದ್ರೆ ನೀವು ಕಾರು ಮುಟ್ಟೋಕೆ ಬಿಡ್ತಿರ್ಲಿಲ್ಲ.”

ಅದು ನಿಜವೇ ಆಗಿತ್ತು. “ಹೇಳಬಹುದಿತ್ತು” ಎಂದಳು.

“ಕೇಳಬಹುದಿತ್ತು.”

“ಕೇಳಿದ್ದೆ.”

ಅವನು ಟೇಪು ಸುತ್ತಿದ. “ಹೌದು. ಕೇಳಿದ್ರಿ.”

ಸೋತವರಿಗೆ ಆ ದಿನ ಇನ್ನೊಂದು ಓಟವಿರಲಿಲ್ಲ. ಸಂಜೆ ಓಟದ ದಾರಿ ಖಾಲಿಯಾದ ಮೇಲೆ ಒಬ್ಬಳೇ ಓಡಿಸಿದಳು. ಕಾರು ದಾರ ಹಿಡಿದಂತೆ ನೆಟ್ಟಗೆ ಹೋಯಿತು. ಅವಳಿಗೆ ಖುಷಿಯಾಗಲಿಲ್ಲ. ಮಾವ ಆಗಲೇ ಮನೆಗೆ ಹೋಗಿದ್ದ. ಹತ್ತು ದಿನ ಶೆಡ್ಡಿಗೆ ಬರಲಿಲ್ಲ. ಅವಳೂ ಮೌನಿಯೂ ಬೇರೆಬೇರೆಯಾಗಿ ಹೋಗಿ ಕ್ಷಮೆ ಕೇಳಿ ಕರೆತಂದರು. ಬಂದವನು ಮೊದಲು ಮಾಡಿದ ಕೆಲಸವೆಂದರೆ ತನ್ನ ಗುಜರಿ ಡಬ್ಬಿಗೆ ಮುಚ್ಚಳ ಹಾಕಿದ್ದು.

ಅದರ ಮುಂದಿನ ವಾರ ಮೌನಿ ಪ್ರತಿ ನಟ್ಟಿನ ಮೇಲೂ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ. ಅವಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

“ಇದ್ಯಾಕೆ?”

“ಯಾರಾದ್ರೂ ತಿರುಗಿಸಿದ್ರೆ ಗೊತ್ತಾಗತ್ತೆ.”

ಯಾರು ಎಂದು ಅವಳು ಕೇಳಲಿಲ್ಲ. ಬಣ್ಣದ ಡಬ್ಬಿ ಅವನ ಕೈಗೆ ಎಟುಕುವಂತೆ ಹತ್ತಿರ ಸರಿಸಿದಳು.