ಕಿರೀಟದ ಕೆಳಗಿನ ಕಿವಿ

ಹದಿನೆಂಟು ತುಂಬಿದ ದಿನ ರಾಜಕುಮಾರಿಯ ತಲೆಗೆ ಮೊದಲ ಸಲ ಕಿರೀಟ ಏರುತ್ತದೆ, ಆ ಫೋಟೋ ದೇಶದ ಪ್ರತಿ ಶಾಲೆಯ ಗೋಡೆ ಸೇರುತ್ತದೆ. ಕಿರೀಟ ಕೂರಲು ಜಡೆಯನ್ನು ಎತ್ತಿ ಕಟ್ಟಬೇಕು, ಅದು ತಲೆತಲಾಂತರದ ಪದ್ಧತಿ. ಥೈರಾಳ ಸರದಿ ಬಂದಾಗ ಮಾತ್ರ ಅರಮನೆಗೆ ಪದ್ಧತಿ ಬೇಡವಾಯಿತು. ಅರ್ಧ ಕೂದಲು ಇಳಿಬಿಡಲಿ, ಕಿವಿ ಮುಚ್ಚಲಿ ಎಂದು ಅಪ್ಪಣೆಯಾಯಿತು. ಆ ಕಿವಿಯಲ್ಲಿ ಶ್ರವಣಯಂತ್ರವಿತ್ತು, ಅದೂ ಅವಳೇ ಹಟ ಹಿಡಿದು ಆರಿಸಿದ ಕಡುಗೆಂಪು ಬಣ್ಣದ್ದು.

"ಮುಚ್ಚಿಡಿ ಅಂತ ಯಾರೂ ಅಂತಿಲ್ಲ ರಾಜಕುಮಾರಿ," ಎಂದ ಅರಮನೆಯ ಮುಖ್ಯ ಅಧಿಕಾರಿ ಬ್ರುನ್. ಅವನ ಮಾತಿಗೆ ಯಾವಾಗಲೂ ಬೆಣ್ಣೆ ಸವರಿರುತ್ತದೆ. "ಜನ ನಿಮ್ಮ ಮುಖ ನೋಡ್ಲಿ ಅಂತ ಅಷ್ಟೆ."

"ಕಿವಿ ಏನು ಮೊಣಕಾಲಲ್ಲಿದ್ಯಾ?"

ಬ್ರುನ್ ಕ್ಯಾಮೆರಾದವನನ್ನು ಕರೆತರಲು ಹೋದ. ಕಿಟಕಿಯ ಬಳಿ ಕಾಫಿ ಹಿಡಿದು ಕೂತಿದ್ದ ರಾಣಿಯ ಬಲಗಡೆಗೆ ಥೈರಾ ಬಂದು ನಿಂತಳು. ಎಡಗಡೆ ನಿಂತು ಮಾತಾಡಿದವರಿಗೆ ರಾಣಿ ಉತ್ತರಿಸುತ್ತಿರಲಿಲ್ಲ. ಮಂತ್ರಿಗಳು, ಮೀನು ಮಾರುವ ಹೆಂಗಸರು, ಹೂ ಕೊಡಲು ಬಂದ ಮಕ್ಕಳು, ಎಷ್ಟೋ ಜನ ಆ ಕಡೆ ನಿಂತು ಮುಖ ಸಪ್ಪೆ ಮಾಡಿಕೊಂಡು ಹೋಗಿದ್ದರು. ಪತ್ರಿಕೆಗಳು ಅವಳನ್ನು ಸೊಕ್ಕಿನ ರಾಣಿ ಎಂದವು. ಅವಳ ಎಡಗಿವಿ ಹುಟ್ಟಿನಿಂದಲೇ ಕೇಳಿಸದೆಂದು ಮನೆಯವರಿಗೆ ಮಾತ್ರ ಗೊತ್ತಿತ್ತು, ಬ್ರುನ್‌ಗೂ ಗೊತ್ತಿರಲಿಲ್ಲ.

"ಒಂದು ಫೋಟೋ ಕಣೇ," ಎಂದಳು ರಾಣಿ. "ನಾನು ಇಡೀ ಜನ್ಮ ನಿಭಾಯಿಸ್ಲಿಲ್ವಾ?"

"ನಿಭಾಯಿಸ್ದೆ. ಅವ್ರು ಸೊಕ್ಕಿನವಳು ಅಂದ್ರು, ನೀನು ಅನ್ನಿಸ್ಕೊಂಡೆ. ಅದಕ್ಕೇ ನಂಗೆ ಸಿಟ್ಟು ಅಜ್ಜಿ. ನಾನು ಅನ್ನಿಸ್ಕೊಳ್ಳಲ್ಲ."

ಕನ್ನಡಿಯ ಮುಂದೆ ಕತ್ತರಿ ಇತ್ತು. ಥೈರಾ ಕೈತುಂಬ ಕೂದಲು ಹಿಡಿದು ಕಿವಿಯ ಮೇಲಕ್ಕೇ ಕತ್ತರಿಸಿದಳು, ಆಮೇಲೆ ಇನ್ನೊಂದು ಹಿಡಿ. ಜಡೆಯೆಲ್ಲ ನೆಲಕ್ಕೆ ಬೀಳುವವರೆಗೂ ನಿಲ್ಲಿಸಲಿಲ್ಲ. ರಾಣಿಯ ಕಾಫಿ ಲೋಟ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು.

ಬ್ರುನ್ ಬಾಗಿಲಲ್ಲಿ ಕಲ್ಲಾದ. ಅವನ ಹಿಂದೆ ಕ್ಯಾಮೆರಾದವನು ಕತ್ತು ಉದ್ದ ಮಾಡಿ ನೋಡಿದ.

"ಕಿರೀಟ ನಿಲ್ಲೋದು ಹೇಗೆ ರಾಜಕುಮಾರಿ? ಪಿನ್ನು ಹಾಕಕ್ಕೆ ಜಡೆನೇ ಇಲ್ಲ," ಎಂದ ಬ್ರುನ್.

"ನಿಲ್ಲದಿದ್ರೆ ಬೇಡ. ತಲೆ ನಿಲ್ಲತ್ತೆ, ಸಾಕು."

ಬ್ರುನ್ ದಾಪುಗಾಲಿಟ್ಟು ರಾಣಿಯ ಎಡಕ್ಕೆ ಹೋಗಿ ಬಗ್ಗಿ ಪಿಸುಗುಟ್ಟಿದ. ಫೋಟೋ ಮುಂದಕ್ಕೆ ಹಾಕೋಣವೇ, ಕೂದಲು ಬೆಳೆಯಲಿ ಎಂದು. ರಾಣಿ ಎಂದಿನಂತೆ ಸುಮ್ಮನಿದ್ದಳು. ಎಲ್ಲರಂತೆ ಅವನೂ ಅದನ್ನು ಸಿಟ್ಟು ಎಂದುಕೊಂಡು, ತಲೆ ತಗ್ಗಿಸಿ ಹಿಂದೆ ಸರಿದ.

ರಾಣಿ ಮೊಮ್ಮಗಳ ಬೋಳು ಕತ್ತನ್ನೂ ಕೆಂಪು ಯಂತ್ರವನ್ನೂ ನೋಡುತ್ತಲೇ ಇದ್ದಳು. ಆಮೇಲೆ ಲೋಟ ಕೆಳಗಿಟ್ಟು, ಕ್ಯಾಮೆರಾದವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಈ ಕಡೆ ಬನ್ನಿ ಬ್ರುನ್. ಆ ಕಿವಿ ನಂಗೆ ಕೇಳ್ಸಲ್ಲ. ಯಾವತ್ತೂ ಕೇಳ್ಸಿಲ್ಲ."